ಬಾಯಲ್ಲಿ ಬಾರದ ಹೆಸರು

ದಮಯಂತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಾಗಿ ಉಪ್ಪಳದ ಈ ಮನೆಗೆ ಬಂದಾಗ ಅತ್ತೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಹೆಂಡತಿಯ ನಾಲಗೆಯ ಮೇಲೆ ಹೆಸರು ಬಂದರೆ ಗಂಡನ ಆಯುಸ್ಸು ಸವೆಯುತ್ತದಂತೆ. ಕಾಸರಗೋಡಿನ ಕಾಲೇಜಿನಲ್ಲಿ ಬಿ.ಎ. ಮಾಡಿ ಬಂದ ಹುಡುಗಿಗೆ ನಗು ಬಂದಿತ್ತು. ಆದರೆ ಗಂಡ ಆಗಲೇ ಅಬುಧಾಬಿಗೆ ಹೊರಟು ನಿಂತಿದ್ದರು. ಸಮುದ್ರ ದಾಟಿ ಹೋಗುವವರ ಆಯುಸ್ಸಿನ ಮಾತು, ಸುಮ್ಮನೆ ಯಾಕೆ ಎಂದು ಅವಳೂ ಒಪ್ಪಿಕೊಂಡಳು. ಮುಂದೆ ಅದೇ ರೂಢಿಯಾಯಿತು. ಆದಾಯ ಸರ್ಟಿಫಿಕೇಟಿಗೆಂದು ವಿಲ್ಲೇಜ್ ಆಫೀಸಿಗೆ ಹೋದಾಗ ಗಂಡನ ಹೆಸರು ಕೇಳಿದರೆ ಮಗಳು ಅಶ್ಮಿತಾಳನ್ನು ಮುಂದಕ್ಕೆ ತಳ್ಳುವಳು. ಮಗು "ಪುರುಷೋತ್ತಮ" ಎಂದು ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಕೂಗುವುದು, ಅಲ್ಲಿದ್ದವರೆಲ್ಲ ನಗುವುದು.

ಮನಸ್ಸಿಗೆ ಮಾತ್ರ ಅತ್ತೆಯ ಕಾವಲಿರಲಿಲ್ಲ. ಗಂಡ ಗಲ್ಫಿನಲ್ಲಿದ್ದ ಅಷ್ಟೂ ವರ್ಷ ದಮಯಂತಿ ಅವರೊಡನೆ ಒಳಗೊಳಗೇ ಮಾತಾಡುತ್ತ ಬಂದಳು, ಹೆಸರು ಹಿಡಿದು, ಏಕವಚನದಲ್ಲಿ. ಪುರುಷೋತ್ತಮಾ, ಬಾವಿಗೆ ಪಂಪು ಇಡಿಸಿದೆ. ಪುರುಷೋತ್ತಮಾ, ಮಗುವಿಗೆ ಜ್ವರ ಬಿಟ್ಟಿಲ್ಲ, ಮಂಗಳೂರಿಗೆ ಕರೆದುಕೊಂಡು ಹೋಗಲಾ? ಆ ಮಾತೆಲ್ಲ ಕನ್ನಡದಲ್ಲಿ. ಮನೆಯ ಮಾತು ತುಳು. ಗಂಡ ರಜೆಯಲ್ಲಿ ಬಂದಾಗ ಇಬ್ಬರೂ ಆಡುವುದು ತುಳುವೇ. ಆದರೆ ತುಳುವಿನಲ್ಲಿ ಕಾಗದ ಬರೆಯುವ ಅಭ್ಯಾಸ ಯಾರಿಗಿತ್ತು? ಅಬುಧಾಬಿಗೆ ಹೋಗುತ್ತಿದ್ದ, ಅಲ್ಲಿಂದ ಬರುತ್ತಿದ್ದ ಕಾಗದಗಳೆಲ್ಲ ಕನ್ನಡದಲ್ಲೇ ಇದ್ದವು. ಹಾಗಾಗಿ ದೂರದಲ್ಲಿದ್ದ ಪುರುಷೋತ್ತಮನೂ ಅವಳೊಳಗೆ ಕನ್ನಡದವನಾದ. ಕಾಗದ ನಿಂತು ಫೋನು ಬಂದ ಮೇಲೂ ಅವನು ಅಲ್ಲಿಂದ ಏಳಲಿಲ್ಲ. ಅವಳು ಹೇಳಿದ್ದನ್ನು ಕೇಳುತ್ತಿದ್ದ, ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವಳು ಹೊಲಿಗೆ ಮಿಶಿನಿನ ಮುಂದೆ ಕೂತರೆ ಅವನೂ ಪಕ್ಕದಲ್ಲಿ ಬಂದು ಕೂರುತ್ತಿದ್ದ.

ಕೊನೆಗೆ ಗಂಡ ಗಲ್ಫು ಬಿಟ್ಟು ಊರಿಗೇ ಬಂದರು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಬೈಗುಳವಿಲ್ಲ. ಆದರೆ ಬಂದವರೇ ಎಲ್ಲವನ್ನೂ ಸರಿಮಾಡಲು ಹೊರಟರು. ಕಾರು ನಿಲ್ಲಿಸಲೆಂದು ಅಂಗಳದ ಪುನರ್ಪುಳಿ ಮರ ಕಡಿಸಿದರು, ಅಡಿಗೆಮನೆಯ ಡಬ್ಬಗಳನ್ನು ಗಾತ್ರ ನೋಡಿ ಜೋಡಿಸಿದರು. ಇಷ್ಟು ವರ್ಷ ತಾನೊಬ್ಬಳೇ ತೀರ್ಮಾನಿಸುತ್ತಿದ್ದ ಮನೆಯಲ್ಲಿ ದಮಯಂತಿ ಡಬ್ಬ ಹುಡುಕುತ್ತ ನಿಲ್ಲುವಂತಾಯಿತು. ಅದನ್ನು ಅವಳು ಹೇಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಒಳಗಿನ ಪುರುಷೋತ್ತಮನಿಗೆ ಹೇಳಿಕೊಳ್ಳುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ಕಾಯಿಲೆ ಬಂತು. ಮೊದಲು ಕಾಲಿನಿಂದ ಚಪ್ಪಲಿ ಜಾರತೊಡಗಿತು, ನಂತರ ಕೈಯಿಂದ ಲೋಟ ಜಾರಿತು, ನಂತರ ಮಾತು. ನರಗಳು ಒಂದೊಂದಾಗಿ ಸಾಯುವ ರೋಗ, ಮದ್ದಿಲ್ಲ ಎಂದರು ಡಾಕ್ಟರು. ಕೊನೆಗೆ ಅವಳ ಹತೋಟಿಯಲ್ಲುಳಿದದ್ದು ಕಣ್ಣು ಮಾತ್ರ. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಅಲ್ಲ. ಗಂಡನೇ ಮೈ ಒರೆಸಿದರು, ಹೊಟ್ಟೆಗೆ ಇಟ್ಟ ನಳಿಗೆಯಲ್ಲಿ ಗಂಜಿತೆಳಿ ಬಿಟ್ಟರು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿದರು. ಪಂಚಾಯತಿನ ಪಾಲಿಯೇಟಿವ್ ನರ್ಸ್ ತುಂಗಾ ಬಂದಾಗಲೆಲ್ಲ, ಇಷ್ಟು ಚೊಕ್ಕ ಮಾಡುವ ಗಂಡಸರನ್ನು ತಾನು ನೋಡಿಲ್ಲ ಎನ್ನುವಳು. ದಮಯಂತಿಗೂ ಅದು ಗೊತ್ತಿತ್ತು.

ಮನಸ್ಸಿನ ಮಾತನ್ನು ಓದುವ ಯಂತ್ರದ ಸುದ್ದಿ ತಂದವಳು ಮಗಳು. ಒಂದು ಕಂಪೆನಿ ಪ್ರಯೋಗಕ್ಕೆ ರೋಗಿಗಳನ್ನು ಹುಡುಕುತ್ತಿತ್ತು. ಮಂಗಳೂರಿನಲ್ಲಿ ತಲೆಬುರುಡೆ ತೆರೆದು ಮೆದುಳಿನ ಮೇಲೆ ಉಗುರಿನಷ್ಟಗಲದ ಹಾಳೆಯೊಂದನ್ನು ಇಟ್ಟರು. ಮಂಚದ ಪಕ್ಕ ಒಂದು ಪೆಟ್ಟಿಗೆ, ಸ್ಟ್ಯಾಂಡಿನ ಮೇಲೆ ಒಂದು ಪರದೆ. ಕಂಪೆನಿಯ ಹುಡುಗಿ ಶ್ರೀರಂಜಿನಿ ವಾರಗಟ್ಟಲೆ ಮನೆಗೆ ಬಂದು ಪರದೆಯಲ್ಲಿ ಕನ್ನಡದ ವಾಕ್ಯಗಳನ್ನು ತೋರಿಸಿದಳು, ದಮಯಂತಿ ಅವನ್ನು ಮನಸ್ಸಿನಲ್ಲೇ ಓದಿದಳು, ಯಂತ್ರ ಕಲಿತುಕೊಂಡಿತು. ಅದಕ್ಕೆ ತುಳು ಬರುತ್ತಿರಲಿಲ್ಲ. ಹಳೆಯ ವಾಟ್ಸಾಪ್ ವಾಯ್ಸ್ ಮೆಸೇಜುಗಳಿಂದ ಹೆಕ್ಕಿ ಅವಳದೇ ಸ್ವರವನ್ನು ಅದಕ್ಕೆ ಕೊಟ್ಟರು.

ಕೊನೆಯ ದಿನ ಶ್ರೀರಂಜಿನಿ ಬೀಗದ ಮಾತೆತ್ತಿದಳು. ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಹೊರಗೆ ಬರಬಾರದಲ್ಲ? ಅದಕ್ಕೊಂದು ಶಬ್ದ ಬೇಕು. ಆಂಟಿ ಅದನ್ನು ನೆನೆದರೆ ಬಾಗಿಲು ತೆರೆಯುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನಾಗಿ ಮುಚ್ಚುತ್ತದೆ. ಸುಮ್ಮಸುಮ್ಮನೆ ನೆನಪಿಗೆ ಬರುವ ಶಬ್ದ ಆಗಬಾರದು.

"ಗಂಜಿ ಅಂತ ಇಡಬೇಡಿ ಮಾರಾಯ್ತಿ," ಎಂದಳು ತುಂಗಾ. "ಇಡೀ ದಿನ ಬಾಗಿಲು ತೆರೆದೇ ಇರ್ತದೆ."

ಅಶ್ಮಿತಾ ನಕ್ಕಳು. "ಅಪ್ಪನ ಹೆಸರಿಡಿ. ಅಮ್ಮ ಈ ಜನ್ಮದಲ್ಲಿ ಹೇಳಿದ್ದಿಲ್ಲ. ಅದಕ್ಕಿಂತ ಗಟ್ಟಿ ಬೀಗ ಎಂತ ಉಂಟು?"

ಬಾಗಿಲ ಬಳಿ ಮೈ ಒರೆಸುವ ಒದ್ದೆ ಬೈರಾಸು ಹಿಡಿದು ನಿಂತಿದ್ದ ಗಂಡ ನಾಚಿದವರಂತೆ ತಲೆ ತಗ್ಗಿಸಿದರು. ಶ್ರೀರಂಜಿನಿಗೂ ಅದು ಹಿಡಿಸಿತು. ಎಲ್ಲರೂ ದಮಯಂತಿಯ ಕಣ್ಣು ನೋಡಿದರು.

ಎರಡು ಸಲ ಮಿಟುಕಿಸಬೇಕಿತ್ತು. ಆದರೆ ಯಾಕೆ ಬೇಡ ಎಂದು ಕೇಳುತ್ತಾರೆ. ನಾಲಗೆಗೆ ಬಾರದ ಹೆಸರು ಒಳಗೆ ಹೊತ್ತುಹೊತ್ತಿಗೂ ಬರುತ್ತದೆ ಎಂದು ಒಪ್ಪಿಕೊಂಡಂತಾಗುತ್ತದೆ. ಆಗ ಏನೆಂದು ಬರುತ್ತದೆ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಇಷ್ಟು ವರ್ಷ ಬಾಯಿ ಕಾದವಳು ಮನಸ್ಸನ್ನೂ ಕಾಯಬಲ್ಲೆ ಎಂದುಕೊಂಡಳು. ಒಮ್ಮೆ ಮಿಟುಕಿಸಿದಳು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಪರದೆಯಲ್ಲಿ ಗಂಡನ ಹೆಸರು ಮೂಡುತ್ತಿತ್ತು, ಅದರ ಹಿಂದೆಯೇ ಅವಳ ಮಾತು ಕೇಳುತ್ತಿತ್ತು. ಫ್ಯಾನು ಕಡಿಮೆ ಮಾಡಿ ಎಂಬುದು ಅವಳ ಮೊದಲ ಮಾತು. ಗಂಡ ಗಡಿಬಿಡಿಯಲ್ಲಿ ಫ್ಯಾನನ್ನೇ ನಿಲ್ಲಿಸಿ, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ಉಪ್ಪಳದ ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಅಶ್ಮಿತಾಳ ಫೋನಿಗೂ ಆ ಮಾತುಗಳು ಹೋಗುತ್ತಿದ್ದವು. ಅವಳು ಕೌಂಟರಿನಲ್ಲಿ ಕೂತು ಅಮ್ಮನ ಸ್ವರ ಕೇಳಿ ಸಂತೋಷಪಡುವಳು. ದಮಯಂತಿ ಮಾತ್ರ ರೈಲು ಬರುವ ಹೊತ್ತಿಗೆ ಗೇಟಿನ ಬಳಿ ಮಗುವಿನ ಮಣಿಕಟ್ಟು ಹಿಡಿದು ನಿಂತವಳಂತೆ ಮನಸ್ಸನ್ನು ಹಿಡಿದುಕೊಂಡೇ ಇದ್ದಳು.

ಒಂದು ಮಧ್ಯಾಹ್ನ ಕೈ ಸಡಿಲಿತು. ನಳಿಗೆಗೆ ತೆಳಿ ಬಿಡುತ್ತ ಗಂಡ ತುಂಗಾಳೊಡನೆ ಮಾತಾಡುತ್ತಿದ್ದರು. ಕಫ ಎಳೆಯುವ ಯಂತ್ರ ಇಡಲು ಕೋಣೆಯಲ್ಲಿ ಜಾಗ ಸಾಲುತ್ತಿರಲಿಲ್ಲ, ಹೊಲಿಗೆ ಮಿಶಿನು ಸುಮ್ಮನೆ ಧೂಳು ತಿನ್ನುತ್ತಿತ್ತು, ಬಾಯಾರು ಊರಿನ ಯಾರಿಗೋ ಬೇಕಿತ್ತಂತೆ, ನಿನ್ನೆ ಕೊಟ್ಟು ಕಳಿಸಿದೆ ಎಂದರು. ಪರದೆಯ ಮೇಲೆ ಹೆಸರು ಮೂಡಿತು.

"ನೋಡಿದೆಯಾ? ನನ್ನ ಮಿಶಿನನ್ನೂ ಕೊಟ್ಟುಬಿಟ್ಟರು," ಎಂದಿತು ದಮಯಂತಿಯ ಸ್ವರ, ಹಳೆಯ ದಿನಗಳ ತೆಳುವಾದ ಸ್ವರ. "ಇವರು ಯಾಕಾದರೂ ಬಂದರೋ. ಅಲ್ಲೇ ಇದ್ದಿದ್ದರೆ ಆಗುತ್ತಿತ್ತು. ನೀನೇ ಸಾಕಿತ್ತು ನನಗೆ."

ಅವಳು ತಡೆಯಲು ನೋಡಿದಳು. ತಡೆದದ್ದೂ ಮಾತಾಯಿತು. ಮತ್ತೆ ಹೆಸರು ಮೂಡಿತು. "ಹೋಗು, ಈಗ ಬರಬೇಡ, ಇವರಿಗೆ ಕೇಳುತ್ತಿದೆ."

ತುಂಗಾ ಬಿ.ಪಿ. ನೋಡುವ ಪಟ್ಟಿಯನ್ನು ಚೀಲಕ್ಕೆ ತುರುಕಿ ಹೊರಗೆ ಹೋದಳು. ಗಂಡ ನಳಿಗೆಯೊಳಗೆ ನೀರು ಬಿಟ್ಟು ತೊಳೆದರು, ಮುಚ್ಚಳ ಹಾಕಿದರು, ಅವಳ ಗಲ್ಲಕ್ಕೆ ಸಿಡಿದಿದ್ದ ಹನಿಯನ್ನು ಒರೆಸಿದರು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಕುರ್ಚಿ ಎಳೆದುಕೊಂಡು ಬಂದು ಕೂತರು. ಬಹಳ ಹೊತ್ತು ಪರದೆಯ ಮೇಲಿನ ತಮ್ಮ ಹೆಸರನ್ನೇ ನೋಡಿದರು. ಆಮೇಲೆ ಕೇಳಿದರು, ಕನ್ನಡದಲ್ಲಿ. ಅವರು ಬಾಯಿಬಿಟ್ಟು ಅವಳೊಡನೆ ಕನ್ನಡ ಆಡಿದ್ದು ಅದೇ ಮೊದಲು.

"ಅವನು ಒಳ್ಳೆಯವನಾ?"

ಉತ್ತರ ಹೇಳಲು ಬೀಗ ತೆರೆಯಬೇಕು. ತೆರೆಯಲು ಅವನನ್ನೇ ಕರೆಯಬೇಕು. ದಮಯಂತಿ ಕರೆಯಲಿಲ್ಲ. ಮಿಟುಕಿಸಲೂ ಇಲ್ಲ.

ಮರುದಿನ ಧೈರ್ಯ ಮಾಡಿ ಹೇಳಿದಳು: ಅದು ಒಂದು ಕ್ಷಣದ ಸಿಟ್ಟು, ಮನಸ್ಸಿನಲ್ಲಿ ಬಂದದ್ದೆಲ್ಲ ಮಾತಲ್ಲ, ನೀವಿಲ್ಲದಿದ್ದರೆ ನನಗೆ ಯಾರಿದ್ದಾರೆ. ಒಂದೊಂದು ಶಬ್ದವನ್ನೂ ತೂಗಿ ಹೇಳಿದಳು. ಹಾಗೆ ತೂಗಿ ಹೇಳಿದ್ದೇ ತಪ್ಪಾಯಿತು. ಗಂಡ ಮೆಲ್ಲಗೆ ನಕ್ಕು, ಇರಲಿ, ನನಗೆ ಬೇಸರವಾಗಬಾರದೆಂದು ಹೇಳುತ್ತೀ ಎಂದರು. ಬೇಕೆಂದು ಆಡಿದ ಮಾತಿಗೆ ಆ ಮನೆಯಲ್ಲಿ ಬೆಲೆ ಹೋಗಿತ್ತು. ಜಾರಿ ಬಿದ್ದದ್ದು ಮಾತ್ರ ಸತ್ಯ ಎಂದಾಗಿತ್ತು. ಅವರು ಕೋಣೆಗೆ ಬರುವಾಗ ಬಾಗಿಲು ತಟ್ಟತೊಡಗಿದರು. ಬೈರಾಸು ಹಿಡಿದುಕೊಂಡು, ಒರೆಸಲಾ ಎಂದು ಕೇಳತೊಡಗಿದರು, ಆಸ್ಪತ್ರೆಯವರ ಹಾಗೆ. ಬಾಯಾರಿನಿಂದ ಮಿಶಿನನ್ನು ಹಿಂದಕ್ಕೆ ತರಿಸಿ ಅದರ ಜಾಗದಲ್ಲೇ ಇಟ್ಟರು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಅಶ್ಮಿತಾ ಬ್ಯಾಂಕಿನಲ್ಲಿದ್ದಾಗಲೇ ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮನ ಕೂದಲು ಬಾಚುತ್ತ ಒಂದು ದಿನ ತಡೆಯಲಾರದೆ ಕೇಳಿದಳು. "ನನ್ನ ಬಗ್ಗೆಯೂ ಹೀಗೇ ಎಂತಾದರೂ ಉಂಟಾ ಅಮ್ಮ?" ಎರಡು ಸಲ ಮಿಟುಕಿಸಿದಳು ದಮಯಂತಿ. ಮಗಳು ಕಣ್ಣು ನೋಡಲಿಲ್ಲ, ಪರದೆ ನೋಡುತ್ತಿದ್ದಳು.

ಆ ಮಾತುಗಳನ್ನು ಅಳಿಸಿಬಿಡಿ ಎಂದು ಅಶ್ಮಿತಾ ಶ್ರೀರಂಜಿನಿಗೆ ಫೋನು ಮಾಡಿದಳು. ಅಳಿಸುವುದು ತನ್ನ ಕೈಯಲ್ಲಿಲ್ಲ, ಎಲ್ಲ ಕಂಪೆನಿಗೆ ಹೋಗಿಯಾಯಿತು ಎಂದಳು ಅವಳು. ಅಲ್ಲಿನವರಿಗೆ ಬಹಳ ಖುಷಿಯಂತೆ. ಪರದೆ ನೋಡಿ ಓದಿದ ವಾಕ್ಯಗಳಿಗಿಂತ ಇಂಥ ತಾನಾಗಿ ಬಂದ ಮಾತಿನಿಂದಲೇ ಯಂತ್ರ ಹೆಚ್ಚು ಕಲಿಯುತ್ತದಂತೆ. ಪಾಪದ ಹುಡುಗಿ, ಒಳ್ಳೆಯ ಸುದ್ದಿ ಎಂದೇ ಹೇಳಿದ್ದಳು. ಹೊಸ ಬೀಗ ಇಡಲು ಆದಷ್ಟು ಬೇಗ ಬರುತ್ತೇನೆ ಎಂದೂ ಹೇಳಿದಳು.

ಅವಳು ಬರುವವರೆಗೆ ದಮಯಂತಿ ಒಂದು ವಿದ್ಯೆ ಕಲಿತಳು. ಹೆಸರು ಮೇಲೇಳುವ ಸುಳಿವು ಸಿಕ್ಕಿದೊಡನೆ ತುಳುವಿಗೆ ಹಾರುವುದು. ಅಡಿಗೆಯ ಲೆಕ್ಕ, ಸತ್ತ ದನಗಳ ಹೆಸರು, ಅತ್ತೆಯ ಬೈಗುಳ, ಸಿಕ್ಕಿದ್ದನ್ನೆಲ್ಲ ತುಳುವಿನಲ್ಲಿ ಅಂದುಕೊಳ್ಳುವುದು. ಯಂತ್ರಕ್ಕೆ ತುಳು ಬಾರದು. ಒಳಗಿನ ಪುರುಷೋತ್ತಮನಿಗೂ ಬಾರದು. ಅವನು ಹೊಸ್ತಿಲವರೆಗೆ ಬರುವನು, ಅರ್ಥವಾಗದವನಂತೆ ನಿಲ್ಲುವನು. ಆಮೇಲಾಮೇಲೆ ಹೊಸ್ತಿಲಿಗೂ ಬರುವುದನ್ನು ಬಿಟ್ಟ.

ಶ್ರೀರಂಜಿನಿ ಬಂದಳು. ಈ ಸಲ ಯಾರ ಹೆಸರೂ ಅಲ್ಲದ, ಅರ್ಥವೇ ಇಲ್ಲದ ಒಂದು ಶಬ್ದವನ್ನು ಮಾಡಿಕೊಂಡು ಬಂದಿದ್ದಳು. ಇನ್ನು ಹೆದರಬೇಕಾಗಿಲ್ಲ ಆಂಟಿ ಎಂದಳು. ದಮಯಂತಿ ಆ ಹುಡುಗಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಬೀಗ ಹೊಸದಾದರೂ ಬಾಗಿಲು ಅದೇ. ಅದರ ಆಚೆ ಯಾರೋ ಕಿವಿಗೊಟ್ಟು ನಿಂತಿದ್ದಾರೆ ಎಂದು ಗೊತ್ತಾದ ಮೇಲೆ ಒಳಗೆ ಯಾರೊಡನೆ ಏನು ಮಾತು? ಅವಳು ಬೇಕೆಂದೇ, ಯಂತ್ರದ ಮುಂದೆ ಕೊನೆಯ ಸಲ, ಆ ಹೆಸರನ್ನು ಕರೆದಳು.

"ಹೊಸ ಬೀಗ ಬೇಡ. ಇದನ್ನು ನಿಲ್ಲಿಸಿ. ನನಗೆ ಮಾತು ಬೇಡ."

ಗಂಡ ಅವಳ ಕಡೆ ತಿರುಗಲಿಲ್ಲ. ಶ್ರೀರಂಜಿನಿಯನ್ನು ಕೇಳಿದರು. "ಇದು ಅವಳು ಹೇಳಿದ್ದಾ, ಜಾರಿ ಬಂದದ್ದಾ?"

ಶ್ರೀರಂಜಿನಿ ಪರದೆಯನ್ನು ನೋಡಿದಳು. ಅದು ಯಂತ್ರಕ್ಕೆ ಗೊತ್ತಾಗುವುದಿಲ್ಲ ಎಂದಳು. ಆಗ ಗಂಡ ಬಗ್ಗಿ, ದಮಯಂತಿಯ ಕಣ್ಣಿಗೆ ಕಣ್ಣಿಟ್ಟು, ನಿಲ್ಲಿಸುವುದಾ ಎಂದು ಕೇಳಿದರು. ಅವಳು ಒಮ್ಮೆ ಮಿಟುಕಿಸಿದಳು.

ಪೆಟ್ಟಿಗೆ, ಪರದೆ, ಸ್ಟ್ಯಾಂಡು ಎಲ್ಲ ಕಾರಿಗೇರಿದವು. ತಲೆಯೊಳಗಿನ ಹಾಳೆ ಮಾತ್ರ ಅಲ್ಲೇ ಉಳಿಯಿತು. ಅದನ್ನು ತೆಗೆಯಲು ಮತ್ತೊಮ್ಮೆ ಬುರುಡೆ ತೆರೆಯುವಷ್ಟು ಶಕ್ತಿ ಆ ದೇಹದಲ್ಲಿರಲಿಲ್ಲ. ಕೋಣೆ ಮೊದಲಿನಂತಾಯಿತು. ಈಗ ಕೇಳುವವರು ಯಾರೂ ಇಲ್ಲ. ದಮಯಂತಿ ಕಾದು, ಮಂಗಳೂರಿನ ಕಡೆಯ ರೈಲು ಮನೆ ನಡುಗಿಸಿ ಹೋಗಿ ಸದ್ದಡಗಿದ ಮೇಲೆ, ಪುರುಷೋತ್ತಮಾ ಎಂದು ಕರೆದಳು. ಕರೆದ ಮೇಲೆ ತಾನೇ ಬೆಚ್ಚಿ, ಪರದೆಯಿದ್ದ ಜಾಗವನ್ನು ನೋಡಿದಳು. ಯಾರೂ ಬರಲಿಲ್ಲ. ಮತ್ತೆ ಕರೆದಳು. ಮಿಶಿನಿನ ಬಳಿಯ ಜಾಗ ಖಾಲಿಯಿತ್ತು. ಹೆಸರು ಬರಿಯ ಹೆಸರಾಗಿ ಉಳಿದಿತ್ತು, ವಿಲ್ಲೇಜ್ ಆಫೀಸಿನಲ್ಲಿ ಮಗು ಕೂಗಿದಂಥ ಹೆಸರು.

ಬಾಗಿಲು ತಟ್ಟಿದ ಸದ್ದಾಯಿತು. ಗಂಡ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಬೈರಾಸನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಆಮೇಲೆ, ಅಬುಧಾಬಿಯಿಂದ ಬರೆಯುತ್ತಿದ್ದ ಕಾಗದವನ್ನು ಓದುವವರ ದನಿಯಲ್ಲಿ, ಕನ್ನಡದಲ್ಲಿ ಹೇಳಿದರು.

"ಪ್ರೀತಿಯ ದಮಯಂತಿ, ನಾನು ಇಲ್ಲಿ ಕ್ಷೇಮ."

ಅದು ಪ್ರಶ್ನೆಯಲ್ಲ. ಆದರೂ ಅವರು ಅವಳ ಕಣ್ಣನ್ನೇ ನೋಡುತ್ತಿದ್ದರು. ಮಿಟುಕಿಸಿದರೆ ಅದು ಉತ್ತರವಾಗುತ್ತದೆ, ಒಮ್ಮೆಯಾದರೆ ಒಂದು, ಎರಡಾದರೆ ಇನ್ನೊಂದು. ಯಾವುದು ತನ್ನ ಉತ್ತರ ಎಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಅದು ತನ್ನದಾಗಿಯೇ ಇರಲಿ ಎಂದು ರೆಪ್ಪೆ ಮುಚ್ಚದಂತೆ ಬಿಗಿಹಿಡಿದಳು. ಕಣ್ಣು ಉರಿಯಿತು, ನೀರು ತುಂಬಿತು, ಕಿವಿಯ ಕಡೆಗೆ ಇಳಿಯಿತು. ಅದು ಅಳುವೋ, ರೆಪ್ಪೆ ಮುಚ್ಚದ್ದಕ್ಕೆ ಬಂದ ನೀರೋ ಎಂದು ಗಂಡ ಕೇಳಲಿಲ್ಲ. ಬೈರಾಸಿನ ತುದಿಯಿಂದ ಮೆಲ್ಲಗೆ ಒರೆಸಿದರು.