ಮುನ್ನೂರನೇ ನಂಬರಿನ ಅಮ್ಮಾಜಮ್ಮ ಬೋರ್ಡಿನ ಮುಂದಿಂದ ಜರುಗದೇ ಇದ್ದದ್ದು

ಲಾಭ.

(ಇಲ್ಲಿ ‘ಒಂದು’ ಅಂತ ಇರಬೇಕಿತ್ತಲ್ಲವೇ ಎಂದು ಪೆನ್ಸಿಲ್ ಎತ್ತಬೇಡಿ. ಕಾರಣ ಕಥೆಯೊಳಗೇ ಇದೆ.)

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹುಡುಕಿದರೂ ನನ್ನ ಹಾಗೆ ಕಥೆ ಶುರು ಮಾಡುವವನು ಇನ್ನೊಬ್ಬ ಸಿಗುವುದಿಲ್ಲ. ಮುಗಿಸುವ ವಿಚಾರ ಬೇರೆ. ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದಿದ್ದೆ: ‘೨೦೦೬ರ ಒಂದು ಸಂಜೆ ಮಂಡಿಕಲ್ ಕಡೆಯ ಊರೊಂದರ ಹಾಲಿನ ಡೈರಿ ಮುಂದೆ ಹತ್ತು ಸಾವಿರ ಜನ ಸೇರಿದ್ದರು.’ ನಾಯಕಿ ಭಾನುಪ್ರಿಯಾ ಓದಿ, “ಸಾರ್, ನಮ್ಮೂರಲ್ಲಿ ಹಸು, ಎಮ್ಮೆ, ಕೋಳಿ ಎಲ್ಲಾ ಸೇರಿಸಿದ್ರೂ ಹತ್ತು ಸಾವಿರ ಆಗಲ್ಲ” ಅಂದಳು. ಹರಿದು ಹಾಕಿದೆ. ಅರವತ್ತು ಜನ ಎಂದಿಟ್ಟುಕೊಳ್ಳಿ.

೨.

ಭಾನುಪ್ರಿಯಾ ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಕೊನೇ ವರ್ಷ. ಅವಳ ಪ್ರಾಜೆಕ್ಟು ಊರಿನ ಡೈರಿಯ ಗೋಡೆಯ ಮೇಲೇ ಇತ್ತು: ಹಾಲು ಹಾಕಿದವರ ಮೆಂಬರ್ ನಂಬರ್ ಒತ್ತಿದರೆ ಬೋರ್ಡಿನಲ್ಲಿ ಕೆಂಪಗೆ ಹೊಳೆಯಬೇಕು. ಬೋರ್ಡು ಕಟ್ಟಿದವನು ಕ್ಲಾಸ್‌ಮೇಟ್ ರಮೇಶ್‌ಬಾಬು. ನಂಬರನ್ನು ವೈರಿನೊಳಗೆ ಕಳಿಸುವ ಜಾವಾ ಪ್ರೋಗ್ರಾಮು ಇವಳದು. ಔಟ್‌ಪುಟ್ ಸ್ಟ್ರೀಮ್ ಎಂಬ ಆಬ್ಜೆಕ್ಟಿಗೆ ‘ರೈಟ್’ ಅಂದು ನಂಬರ್ ಕೊಟ್ಟರೆ ಸಾಕು, ಮಿಕ್ಕಿದ್ದು ಅದು ನೋಡಿಕೊಳ್ಳುತ್ತದೆ. ಒಳಗೆ ಏನು ನಡೆಯುತ್ತದೆ ಎಂದು ಕೇಳದಿರುವುದೇ ಅದರ ಮರ್ಯಾದೆ, ಎಂದು ಲೆಕ್ಚರರು ಹೇಳಿಕೊಟ್ಟಿದ್ದರು. ಇವಳು ಕೇಳಲಿಲ್ಲ.

ಇನ್ನೂರ ನಲವತ್ತು ಮೆಂಬರಿಗೆ ಹಳೇ ರಿಜಿಸ್ಟರ್ ತುಂಬಿತು. ನೋಡೋಕೆ ಲಕ್ಷಣವಾಗಿರುತ್ತೆ ಎಂದು ಡೈರಿಯವರು ಹೊಸ ರಿಜಿಸ್ಟರನ್ನು ಮುನ್ನೂರರಿಂದ ಶುರು ಮಾಡಿದರು. ಆ ಮೊದಲ ಗೆರೆ ಭಾನುಪ್ರಿಯಾಳ ದೊಡ್ಡಮ್ಮ ಅಮ್ಮಾಜಮ್ಮನದು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಆಕೆ ಹಾಲು ಹಾಕಿದ್ದೆಲ್ಲ ಮೈದುನನ ನಂಬರಿಗೆ. ಮೈದುನ ವೆಂಕಟರಾಮಪ್ಪ, ಅಂದರೆ ಭಾನುಪ್ರಿಯಾಳ ಅಪ್ಪ, ನಂಬರ್ ನಲವತ್ತನಾಲ್ಕು. ಈಗ ಆಕೆಗೆ ಆಕೆಯದೇ ನಂಬರ್.

ಅಮ್ಮಾಜಮ್ಮ ಗಂಟಿನಲ್ಲಿದ್ದ ಹೊಸ ಸೀರೆ ಉಟ್ಟು ಬಂದು ಹಾಲು ಸುರಿದಳು. ಭಾನುಪ್ರಿಯಾ ಮುನ್ನೂರು ಒತ್ತಿದಳು.

ಬೋರ್ಡಿನಲ್ಲಿ ಬಂದದ್ದು: ೪೪.

೩.

(ಆಣೆ ಮಾಡಿ ಹೇಳುತ್ತೇನೆ, ಇದು ನನ್ನ ಕೈಚಳಕವಲ್ಲ. ಆ ‘ರೈಟ್’ ಒಂದು ಸಲಕ್ಕೆ ಒಂದೇ ಬೈಟು ಕಳಿಸುತ್ತದೆ. ಒಂದು ಬೈಟಿನಲ್ಲಿ ಹಿಡಿಯುವುದು ಇನ್ನೂರ ಐವತ್ತೈದರವರೆಗೆ ಮಾತ್ರ. ಮುನ್ನೂರು ಕೊಟ್ಟರೆ ಇನ್ನೂರ ಐವತ್ತಾರನ್ನು ಸದ್ದಿಲ್ಲದೆ ನುಂಗಿ ಮಿಕ್ಕಿದ್ದನ್ನು ಕಕ್ಕುತ್ತದೆ. ಮಿಕ್ಕಿದ್ದೆಷ್ಟು, ನೀವೇ ಕಳೆದು ನೋಡಿ. ನನ್ನಂಥ ಮಹಾ ಸುಳ್ಳನಿಗೂ ಇಷ್ಟು ಚೆಂದದ ಸುಳ್ಳು ಹೊಳೆಯುತ್ತಿರಲಿಲ್ಲ.)

ಸಾಲಿನಲ್ಲಿದ್ದ ಚಿಕ್ಕವೆಂಕಟಮ್ಮ ಬಾಯಿ ತೆರೆದಳು. “ನೋಡ್ರಮ್ಮ, ಮಗಳು ಕಂಪ್ಯೂಟರ್ ಓದಿದ್ದಕ್ಕೂ ಸಾರ್ಥಕ. ದೊಡ್ಡಮ್ಮನ ಹಾಲು ಅಪ್ಪನ ಲೋಟಕ್ಕೆ!”

“ನಾನೇನ್ ಹೇಳ್ಕೊಟ್ನಾ?” ವೆಂಕಟರಾಮಪ್ಪ ಕೂಗಿದ. “ಅತ್ತಿಗೆ, ಆಣೆಗೂ ನಂಗೊತ್ತಿಲ್ಲ!”

ಅಮ್ಮಾಜಮ್ಮ ಬೈಯಲಿಲ್ಲ. “ನೀನೇ ಬರ್ದಿದ್ದಲ್ವೇನಮ್ಮ ಇದು?” ಎಂದಳು, ಅಷ್ಟೇ. ಬೈದಿದ್ದರೆ ಭಾನುಪ್ರಿಯಾಳಿಗೆ ಸುಲಭವಾಗುತ್ತಿತ್ತು. ಮಾರ್ಕ್ಸು ಹಾಳಾಗಲಿ, ನಾಳೆ ಸಂಜೆಯೊಳಗೆ ಆ ಗೋಡೆಯ ಮೇಲೆ ಮುನ್ನೂರು ಬರದಿದ್ದರೆ ದೊಡ್ಡಮ್ಮನ ಮುಖ ಹೇಗೆ ನೋಡುವುದು?

ನಾನು ಇಲ್ಲಿ ಜಮೀನಿನ ವ್ಯಾಜ್ಯ, ಎರಡು ಏಟು, ಪಂಚಾಯ್ತಿ ಎಲ್ಲ ಯೋಚಿಸಿದ್ದೆ. “ಏನೂ ಬೇಡ ಸಾರ್, ಕೋಡ್ ಸರಿ ಮಾಡ್ತೀನಿ, ದಾರಿ ಬಿಡಿ” ಎಂದಳು. ಬಿಟ್ಟೆ.

೧೧೨೬೫.

ಮಾರನೇ ದಿನ ಮಧ್ಯಾಹ್ನ. ಬೋರ್ಡನ್ನು ಗೋಡೆಯಿಂದ ಬಿಚ್ಚಿ ಮನೆಗೆ ತಂದಿದ್ದರು. ನಂಬರನ್ನು ಎರಡು ಬೈಟಾಗಿ ಒಡೆದು ಕಳಿಸುವ ಹೊಸ ಮೆಥಡ್ ಬರೆದಳು. ಬೋರ್ಡು ಎರಡು ಬೈಟು ಓದುವ ಹಾಗೆ ರಮೇಶ್‌ಬಾಬು ತಿದ್ದಿದ. ಮುನ್ನೂರು ಒತ್ತಿದರು. ಬೋರ್ಡಿನಲ್ಲಿ ಹನ್ನೊಂದು ಸಾವಿರದ ಇನ್ನೂರ ಅರವತ್ತೈದು!

(ನನಗೆ ಇದೇ ಇಷ್ಟ. ಹತ್ತು ಸಾವಿರ ಜನ ಅಂದಾಗ ನಕ್ಕಿರಲ್ಲ? ಇಲ್ಲಿಗೇ ಕಥೆ ನಿಲ್ಲಿಸೋಣ ಎಂದೆ. ಇಬ್ಬರೂ ನನ್ನ ಕಡೆ ನೋಡಲೂ ಇಲ್ಲ.)

“ನೀನು ಉಲ್ಟಾ ಕಳ್ಸಿದೀಯ ಕಣೇ!”

“ನೀನೇ ಉಲ್ಟಾ ಓದ್ತಿದೀಯ ಕಣೋ!”

ಅಂಗಳದಲ್ಲಿ ಅಮ್ಮಾಜಮ್ಮ ರಾಗಿ ಅಳೆಯುತ್ತಿದ್ದಳು. ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಎಂದಳು. ಅಳೆಯುವಾಗ ಎಣಿಕೆ ಲಾಭದಿಂದಲೇ ಶುರುವಾಗಬೇಕು. ಆಮೇಲೆ ಎರಡು, ಮೂರು. ಕೊನೆಗೆ ಕೊಳಗ ತುಂಬದೆ ಉಳಿದದ್ದನ್ನು ಸೇರಿನಲ್ಲಿ ಅಳೆದಳು. “ಮೂರು ಕೊಳಗ, ಎರಡು ಸೇರು.”

“ದೊಡ್ಡಮ್ಮ, ಸೇರು ಮೊದ್ಲು ಹೇಳಿದ್ರೆ ಏನಾಗುತ್ತೆ?”

“ಅಯ್ಯೋ ದೇವುಡಾ, ಯಾರಮ್ಮ ಹಂಗೆ ಹೇಳ್ತಾರೆ? ಕೇಳ್ದೋನು ಎರಡು ಕೊಳಗ ಅಂತ ಬರ್ಕೊಂಡ್ ಹೋಗ್ತಾನೆ. ದೊಡ್ಡದು ಮೊದ್ಲು, ಮಿಕ್ಕಿದ್ದು ಆಮೇಲೆ.”

ಭಾನುಪ್ರಿಯಾ ಮಿಕ್ಕಿದ್ದರ ಬೈಟನ್ನು ಮೊದಲು ಕಳಿಸುತ್ತಿದ್ದಳು. ಬೋರ್ಡು ಅದನ್ನೇ ಕೊಳಗ ಎಂದುಕೊಳ್ಳುತ್ತಿತ್ತು. ಎರಡು ಸಾಲು ಅದಲುಬದಲು ಮಾಡಿದಳು. “ನಿಮ್ಮ ನಂಬರ್ ಹೋಗೋದು ಹೀಗೆ ದೊಡ್ಡಮ್ಮ: ಇನ್ನೂರ ಐವತ್ತಾರರ ಕೊಳಗ ಒಂದು, ಮಿಕ್ಕಿದ್ದು ನಲವತ್ತನಾಲ್ಕು ಸೇರು.”

ಅಮ್ಮಾಜಮ್ಮ ಕೊಳಗ ಕೆಳಗಿಟ್ಟಳು. “ಅಂದ್ರೆ ನಿಮ್ಮಪ್ಪ ಇನ್ನೂ ನನ್ನ ನಂಬರ್ ಒಳಗೇ ಇದಾನಾ? ಇರ್ಲಿ ಬಿಡಮ್ಮ, ಪಾಪ. ಅವನಿಗಿಂತ ನಾನು ಒಂದು ಕೊಳಗ ಜಾಸ್ತಿ.”

ಕೊನೆ.

ಕೊನೆ ಅ: ಸರಿಯಾದ ಹೊತ್ತಿಗೆ ಕರೆಂಟ್ ಹೋಗುತ್ತದೆ. (ಸಾಹಿತ್ಯಕವಾಗಿ ಬಹಳ ಗಂಭೀರ.) ಅಮ್ಮಾಜಮ್ಮ ಕ್ಯಾನಿನ ಮುಚ್ಚಳ ಎತ್ತಿ ನನ್ನ ಕಡೆ ತಿರುಗಿದಳು: “ಕರೆಂಟ್ ತೆಗ್ದು ನೋಡಪ್ಪ, ಹೇಳ್ತೀನಿ.” ತೆಗೆಯಲಿಲ್ಲ.

ಕೊನೆ ಆ: ಹಾಲು ಸುರಿದಳು. ಭಾನುಪ್ರಿಯಾ ಒತ್ತಿದಳು. ೩೦೦. ಮೊದಲು ಚಪ್ಪಾಳೆ ಹೊಡೆದವನು ವೆಂಕಟರಾಮಪ್ಪ. ಚಪ್ಪಾಳೆ ಶಿಡ್ಲಘಟ್ಟದವರೆಗೂ ಕೇಳಿಸಿತು. (ಸರಿ, ಡೈರಿ ಮುಂದಿನ ಹುಣಸೇಮರದವರೆಗೆ.)

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅಮ್ಮಾಜಮ್ಮ ಬೋರ್ಡಿನ ಕೆಳಗೆ ಖಾಲಿ ಕ್ಯಾನ್ ಹಿಡಿದು ತಲೆಯೆತ್ತಿ ನಿಂತೇ ಇದ್ದಾಳೆ. ಮುಂದಿನ ನಂಬರ್ ಒತ್ತಿದರೆ ಮುನ್ನೂರು ಅಳಿಸಿಹೋಗುತ್ತದೆ. ಭಾನುಪ್ರಿಯಾಳ ಬೆರಳು ಕೀ ಮೇಲಿದೆ, ಒತ್ತುತ್ತಿಲ್ಲ.

“ಜರುಗಮ್ಮೋ, ಹಾಲು ಒಡ್ದೋಗುತ್ತೆ!” ಹಿಂದಿನಿಂದ ಚಿಕ್ಕವೆಂಕಟಮ್ಮ.

“ಹನ್ನೊಂದು ವರ್ಷ ನಾನು ಜರುಗ್ಕೊಂಡ್ ನಿಂತಿದ್ದೆ. ನೀನೊಂದು ಗಳಿಗೆ ನಿಲ್ಲು.”

ನಾನೂ ಹೇಳಿ ನೋಡಿದೆ. ಪುಟ ಮುಗಿಯಿತು, ಓದುಗರಿಗೂ ಮನೆಮಠ ಇದೆ ಎಂದೆ. ಆಕೆ ಜರುಗುತ್ತಿಲ್ಲ. ನೀವು ಹೊರಡಿ, ನಾನಂತೂ ಸಾಲಿನಲ್ಲಿ ಅರವತ್ತನೆಯವನು.