ಇಪ್ಪತ್ನಾಲ್ಕು ಬಾಟಲಿಗಳ ಬಿಲ್ಲು

ಹಡಗಿನ ಕೋಣೆಯ ಪುಟ್ಟ ಫ್ರಿಜ್ಜಿನ ಬಾಗಿಲು ತೆಗೆದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಒಳಗೆ ಸಾಲಾಗಿ ಆರು ಬಾಟಲಿ. ಮಕ್ಕಳ ಕೆಮ್ಮಿನ ಔಷಧಿಯಷ್ಟು ಚಿಕ್ಕವು, ಆದರೆ ಒಳಗಿದ್ದದ್ದು ಔಷಧಿಯಲ್ಲ ಎಂದು ತಿಳಿಯಲು ನಾನು ಇಂಗ್ಲಿಷ್ ಓದಬೇಕಾಗಿರಲಿಲ್ಲ. ಆ ಬಣ್ಣದ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ನಾನು.

ನಮ್ಮದು ಸಂತೇಬೆನ್ನೂರಿನಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ. ಯಜಮಾನರು ಕೊಟ್ರಬಸಪ್ಪ, ನಾನು ಶಂಕ್ರಮ್ಮ. ಹನಿ ನೀರಾವರಿ ಪೈಪಿನ ಕಂಪನಿಯವರು ಈ ವರ್ಷ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಗಂಡ ಹೆಂಡತಿ ಸಮೇತ ಹಡಗು ಹತ್ತಿಸಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಸೇರಿ ಒಂಬತ್ತು ಜೋಡಿ. ಮುಂಬೈಯಲ್ಲಿ ಹತ್ತಿ, ಮೂರು ರಾತ್ರಿ ಸಮುದ್ರ ಸುತ್ತಿ, ಮತ್ತೆ ಮುಂಬೈಯಲ್ಲೇ ಇಳಿಯುವುದು. ನಮ್ಮ ಮುಂದಾಳು ಹೊನ್ನಾಳಿಯ ಸಿದ್ದಲಿಂಗೇಶ, ಕಂಪನಿಯ ಏಜೆಂಟು. ಎಲ್ಲ ಖರ್ಚೂ ಕಂಪನಿಯದೇ, ನೀವು ಬಟ್ಟೆಬರೆ ತಗೊಂಡು ಬಂದರೆ ಸಾಕು ಎಂದಿದ್ದ. ನಾನು ನಂಬಿದೆ. ನಂಬಬೇಕಾದವರನ್ನು ಬಿಟ್ಟು ಮಿಕ್ಕವರನ್ನೆಲ್ಲ ನಂಬುವ ಬುದ್ಧಿ ನನ್ನದು.

ಇವರು ಕುಡಿಯುವುದು ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೂ ಮುಂಚೆ ಏನಾಗಿತ್ತೆಂದು ನಮ್ಮೂರಿನ ಕಲ್ಲು ಕಲ್ಲಿಗೂ ಗೊತ್ತು. ಮಗಳ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಬಂದು ಕೂತಿದ್ದಾಗ ಇವರು ನಮ್ಮೂರ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಕೆಳಗೆ ಬಿದ್ದಿದ್ದರು. ರೇಷ್ಮೆ ಸೀರೆಯಲ್ಲೇ ಹೋಗಿ, ನೂರು ಜನ ನೋಡುತ್ತಿದ್ದಂತೆ, ಕಂಕುಳಿಗೆ ಕೈಹಾಕಿ ಎತ್ತಿಕೊಂಡು ಬಂದವಳು ನಾನು. ಮರುವಾರ ಮಠಕ್ಕೆ ಹೋಗಿ ಸ್ವಾಮಿಗಳ ಪಾದ ಮುಟ್ಟಿ ಕುಡಿತ ಬಿಟ್ಟರು. ಅಂದಿನಿಂದ ಒಂದು ಹನಿ ಮುಟ್ಟಿಲ್ಲ ಎಂದು ಅವರು ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ, ರಾತ್ರಿ ಮಲಗುವಾಗ ನೀರಿನ ಚೊಂಬು ಕೊಡುವ ನೆಪದಲ್ಲಿ ಅವರ ಉಸಿರು ಮೂಸಿ ನೋಡುತ್ತೇನೆ. ಹನ್ನೊಂದು ವರ್ಷದಲ್ಲಿ ಒಂದು ರಾತ್ರಿಯೂ ತಪ್ಪಿಸಿಲ್ಲ.

ಅಂಥವರ ತಲೆದಿಂಬಿನಿಂದ ಮೂರು ಮಾರು ದೂರದಲ್ಲಿ ಆರು ಬಾಟಲಿ. ಯಾರನ್ನಾದರೂ ಕರೆದು ತೆಗೆಸಬಹುದಿತ್ತಲ್ಲ ಎನ್ನುತ್ತೀರಿ. ಕರೆದರೆ ಮಾತಾಗುತ್ತದೆ, ಮಾತಾದರೆ ಇವರ ಕಿವಿಗೆ ಬೀಳುತ್ತದೆ. ಮರೆತವರಿಗೆ ಯಾಕೆ ನೆನಪಿಸಬೇಕು? ಇವರು ಮಿಕ್ಕವರ ಜೊತೆ ಹಡಗು ನೋಡಲು ಮೇಲೆ ಹೋಗಿದ್ದರು. ಬಾಗಿಲಿಗೆ ಚಿಲಕ ಹಾಕಿ, ಒಂದೊಂದೇ ಮುಚ್ಚಳ ತಿರುಚಿ, ಅಷ್ಟನ್ನೂ ಬಚ್ಚಲಿಗೆ ಸುರಿದೆ. ವಾಸನೆ ಹೋಗಲೆಂದು ಅಲ್ಲಿಟ್ಟಿದ್ದ ಶಾಂಪೂವನ್ನೂ ಸುರಿದೆ. ಖಾಲಿ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದೆ. ಆಮೇಲೆ ಕೈತೊಳೆದು, ವಿಭೂತಿ ಹಚ್ಚಿಕೊಂಡು, ಗೆದ್ದೆ ಎಂದುಕೊಂಡೆ.

ರಾತ್ರಿ ಊಟ ಮುಗಿಸಿ ಬಂದು, ಇವರು ಸ್ನಾನಕ್ಕೆ ಹೋದಾಗ ಸುಮ್ಮನೆ ಒಮ್ಮೆ ಫ್ರಿಜ್ಜು ತೆಗೆದು ನೋಡಿದೆ. ಮತ್ತೆ ಆರು ಬಾಟಲಿ! ಅದೇ ಜಾಗ, ಅದೇ ಸಾಲು. ನಾನು ಸುರಿದದ್ದು ಕನಸೋ ಎಂದು ಕಸದ ಡಬ್ಬಿ ನೋಡಿದರೆ ಅದು ಖಾಲಿ. ನಾವು ಊಟಕ್ಕೆ ಹೋದಾಗ ಕೋಣೆಯ ಕೆಲಸದವನು ಬಂದು ಹಾಸಿಗೆ ಸರಿಮಾಡಿ, ಕಸ ತೆಗೆದು, ಫ್ರಿಜ್ಜು ತುಂಬಿ ಹೋಗಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಿದ್ದೇ ತಡವಾಗಿ, ಎಚ್ಚರವಾದದ್ದು ಬಾಗಿಲಿನ ಸದ್ದಿಗೆ. ಬೆಳಗಿನ ಜಾವ ಇವರು ವಾಕಿಂಗ್ ಎಂದು ಮೇಲೆ ಹೋದದ್ದೇ ತಡ, ಎದ್ದು ಅಷ್ಟನ್ನೂ ಸುರಿದೆ.

ಎರಡನೆಯ ದಿನ ಆ ಕೆಲಸದವನನ್ನೇ ಹಿಡಿದೆ. ನಲವತ್ತು ದಾಟಿದ ಮನುಷ್ಯ, ದಪ್ಪ ಮೀಸೆ, ಯಾವ ಸೀಮೆಯವನೋ ತಿಳಿಯದು. ಅವನಿಗೆ ಕನ್ನಡ ಬಾರದು, ನನಗೆ ಬೇರೇನೂ ಬಾರದು. ಕಾಸಿಗಿಂತ ದೊಡ್ಡ ಭಾಷೆ ಯಾವುದಿದೆ ಎಂದು ಐನೂರರ ನೋಟು ಅವನ ಅಂಗೈಗೆ ಒತ್ತಿ, ಫ್ರಿಜ್ಜಿನ ಕಡೆ ಬೆರಳು ಮಾಡಿ, ಎರಡೂ ಕೈಜೋಡಿಸಿದೆ. ಇದೊಂದು ಉಪಕಾರ ಮಾಡಪ್ಪ, ಇನ್ನು ಅಲ್ಲೇನೂ ಇಡಬೇಡ ಎಂಬುದು ನನ್ನ ಅರ್ಥ. ಅವನು ಎದೆ ಮುಟ್ಟಿಕೊಂಡು ತಲೆಬಾಗಿದ. ಎಷ್ಟು ಒಳ್ಳೆಯವನು ಎಂದುಕೊಂಡೆ.

ಅವತ್ತು ರಾತ್ರಿ ಫ್ರಿಜ್ಜಿನಲ್ಲಿ ಹನ್ನೆರಡು ಬಾಟಲಿ. ಎರಡು ಸಾಲು. ಮೇಲೆ ಒಂದು ಬಟ್ಟಲಲ್ಲಿ ಹುರಿದ ಗೋಡಂಬಿ.

ನನಗೆ ಅಳು ಬಂತು. ದುಡ್ಡು ಕೊಟ್ಟು ಮಾರಿಯನ್ನು ಮನೆಗೆ ಕರೆದುಕೊಂಡಂತಾಗಿತ್ತು. ಇವರು ಮಾತ್ರ ಆ ಮೂರು ದಿನವೂ ಏನೋ ಹುರುಪಿನಲ್ಲಿದ್ದರು. ಸಮುದ್ರ ನೋಡು, ಮೀನು ನೋಡು ಎಂದು ನನ್ನ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಜನರ ನಡುವೆ ನನ್ನ ಕೈ ಹಿಡಿದವರಲ್ಲ. ಈ ಹುರುಪು ಎಲ್ಲಿಂದ ಬಂತು ಎಂದು ನಾನು ಹತ್ತಿರ ಸರಿದು ಮೂಸಿ ನೋಡಿದೆ. ಬರೀ ಸೋಪಿನ ವಾಸನೆ. ಮೂರನೆಯ ದಿನ ಬೆಳಗ್ಗೆ ಹನ್ನೆರಡನ್ನೂ ಬಚ್ಚಲಿಗೆ ಹುಯ್ದೆ. ರಾತ್ರಿ ಮತ್ತೆ ತುಂಬಿತ್ತು. ಇಳಿಯುವ ದಿನ ಬೆಳಗ್ಗೆ, ಇನ್ನು ಎರಡು ತಾಸು ತಾನೇ ಎಂದು ಕೊನೆಯ ಹನ್ನೆರಡನ್ನು ಹಾಗೇ ಬಿಟ್ಟೆ.

ಬೆಳಗಾಗುವಷ್ಟರಲ್ಲಿ ಯಾರೋ ಬಾಗಿಲಿನ ಸಂದಿಯಿಂದ ಒಂದು ಲಕೋಟೆ ಒಳಗೆ ತಳ್ಳಿದ್ದರು. ಇವರು ಅದಕ್ಕೇ ಕಾದು ಕೂತವರಂತೆ ಎದ್ದು ಹೋಗಿ ಎತ್ತಿಕೊಂಡರು. ನನ್ನನ್ನು ನೋಡಿ ಒಂಥರಾ ನಕ್ಕರು. ಕನ್ನಡಕ ಹಾಕಿಕೊಂಡು, ಚೀಟಿ ಬಿಡಿಸಿ, ಬೆರಳಿಟ್ಟು ಓದಿದರು. ನಗು ಹಾಗೇ ಆರಿಹೋಯಿತು. ಮತ್ತೊಮ್ಮೆ ಓದಿದರು.

ಏನಾಯಿತೆಂದು ಕೇಳಿದೆ. ಹದಿನಾಲ್ಕು ಸಾವಿರದ ಇಪ್ಪತ್ತೆಂಟು ರೂಪಾಯಿ ಎಂದರು. ಅದರಲ್ಲಿ ಇಪ್ಪತ್ನಾಲ್ಕು ಬಾಟಲಿ ಮದ್ಯ, ಒಂದಕ್ಕೆ ನಾನೂರು. ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಬಡಿಸಿದ್ದಕ್ಕೆ. ಇನ್ನು ಕೆಲಸದವರ ಟಿಪ್ಸು, ದಿನಕ್ಕೆ ತಲೆಗೆ ನಾನೂರೈವತ್ತು.

ಫ್ರಿಜ್ಜಿನಲ್ಲಿ ಇಟ್ಟಿದ್ದಕ್ಕೆ ದುಡ್ಡೇ? ನಮ್ಮ ಮನೆಗೆ ಬಂದವರ ಮುಂದೆ ಬೆಲ್ಲ, ನೀರು ಇಟ್ಟು ಯಾವತ್ತಾದರೂ ಲೆಕ್ಕ ಬರೆದಿದ್ದೇವೆಯೇ? ಆಗಲೇ ಹೇಳಬೇಕಿತ್ತು. ಆದರೆ ಸುರಿದೆ ಎಂದರೆ ಯಾಕೆ ಸುರಿದೆ ಎಂದು ಹೇಳಬೇಕು. ಇವರು, ನಾನು ಮುಟ್ಟಿಲ್ಲ, ಎಲ್ಲೋ ತಪ್ಪಾಗೈತೆ ಎನ್ನುತ್ತ ಕೌಂಟರಿಗೆ ಹೊರಟರು. ನಾನು ಹಿಂದೆ ಓಡಿದೆ.

ಕೌಂಟರಿನ ಮುಂದೆ ನಮ್ಮವರದೇ ಸಾಲು. ಜಗಳೂರಿನ ಮಂಜುನಾಥ, ಊಟ ಬಡಿಸಿದವನಿಗೆ ದಿನಾ ಕೈಯಾರೆ ಕೊಟ್ಟಿದ್ದೇನೆ, ಮತ್ಯಾಕೆ ಟಿಪ್ಸು ಹಾಕಿದ್ದಾರೆ ಎಂದು ಜಗಳ ತೆಗೆದಿದ್ದ. ಸಿದ್ದಲಿಂಗೇಶ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಟಿಕೆಟ್ಟು, ಊಟ ಮಾತ್ರ ಕಂಪನಿಯದಂತೆ. ಟಿಪ್ಸು ನಮಗೆ ಕಾಣದ ಅಡುಗೆಯವರಿಗೂ, ಬಟ್ಟೆ ಒಗೆಯುವವರಿಗೂ ಹಂಚಿಹೋಗುತ್ತದಂತೆ, ಬೇಡವೆಂದರೆ ತೆಗೆಸಬಹುದಂತೆ. ಕುಡಿದದ್ದನ್ನು ಮಾತ್ರ ತೆಗೆಸಲಾಗದಂತೆ. ಇದನ್ನು ಹತ್ತುವ ಮುಂಚೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇವರು ಚೀಟಿ ಮುಂದಿಟ್ಟು, ತಮಗೆ ಬರುವಷ್ಟು ಹಿಂದಿಯಲ್ಲಿ, ನಾವು ಮುಟ್ಟಿಯೇ ಇಲ್ಲ ಎಂದರು. ಕೌಂಟರಿನ ಹೆಂಗಸು ನಮ್ಮ ಕೋಣೆಯ ಕೆಲಸದವನನ್ನು ಕರೆಸಿದಳು. ಅವನು ನನ್ನನ್ನು ನೋಡಿ ಪರಿಚಯದ ನಗೆ ನಕ್ಕು, ಪ್ರತಿ ಸಂಜೆಯೂ ಫ್ರಿಜ್ಜು ಖಾಲಿ ಇರುತ್ತಿತ್ತು, ಖಾಲಿ ಬಾಟಲಿಗಳು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳದಲ್ಲಿ ಇರುತ್ತಿದ್ದವು ಎಂದ. ಸಿದ್ದಲಿಂಗೇಶ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಹೊತ್ತಿಗೆ ಸಾಲಿನವರೆಲ್ಲ ನಮ್ಮ ಕಡೆ ತಿರುಗಿದ್ದರು. ಪೇಪರಿನಲ್ಲಿ ಸುತ್ತಿ, ತಳದಲ್ಲಿ. ಕದ್ದು ಕುಡಿಯುವವರು ಬಾಟಲಿ ಎಲ್ಲಿ ಬಚ್ಚಿಡುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಒಬ್ಬರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಜುನಾಥ ಸಮುದ್ರದ ಕಡೆ ಮುಖ ತಿರುಗಿಸಿದ. ಸಿದ್ದಲಿಂಗೇಶ ಇವರ ಹೆಗಲ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡ್ರಿ ಅಣ್ಣಾರೆ, ಮನುಷ್ಯ ಅಂದ್ಮೇಲೆ ಆಗ್ತೈತೆ. ಊರಾಗೆ ನಾವ್ಯಾರೂ ಬಾಯಿ ಬಿಡಲ್ಲ.”

ಇವರು ಅಂಗಿಯ ಮೇಲಿಂದಲೇ ಕೊರಳ ಲಿಂಗವನ್ನು ಹಿಡಿದುಕೊಂಡರು. “ಲಿಂಗದಾಣೆ, ನಾನು ಕುಡಿದಿಲ್ಲ ಕಣಪ್ಪ” ಎಂದರು. ಸಿದ್ದಲಿಂಗೇಶ ಹೌದು ಹೌದು ಎಂದು ತಲೆಯಾಡಿಸಿದ. ಅದು ನಾನು ಹನ್ನೊಂದು ವರ್ಷದಿಂದ ಆಡಿಸುತ್ತಿದ್ದ ತಲೆಯೇ. ಎದುರಿಗೆ ನಿಂತು ನೋಡಿದಾಗ ಅದು ಎಷ್ಟು ಕೆಟ್ಟದಾಗಿ ಕಾಣುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು.

ನಾನು ಬಾಯಿ ಮುಚ್ಚಿಕೊಂಡರೆ ಇವರ ಮಾನ ಸಮುದ್ರದ ಪಾಲು. ಬಾಯಿ ಬಿಟ್ಟರೆ ನನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಏನಿತ್ತೆಂದು ಇವರಿಗೆ ತಿಳಿಯುತ್ತದೆ. ಮನೆಯಲ್ಲಾಗಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೇನೋ. ಲಿಂಗ ಹಿಡಿದ ಆ ಕೈ ನೋಡಿ ತಡೆಯಲಾಗಲಿಲ್ಲ.

“ಅವರು ಕುಡಿದಿಲ್ಲ. ಎಲ್ಲಿ ಅವರ ಕೈಗೆ ಸಿಗ್ತೈತೋ ಅಂತ ಹೆದರ್ಕೊಂಡು, ಅಷ್ಟೂ ನಾನೇ ಬಚ್ಚಲಿಗೆ ಸುರಿದೀನಿ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮಂಜುನಾಥ ನಕ್ಕ, ಅವನ ಹಿಂದೆ ಇಡೀ ಸಾಲೇ ನಕ್ಕಿತು. ಐನೂರು ಕೊಟ್ಟದ್ದನ್ನು ಹೇಳಿದ ಮೇಲಂತೂ ಕೆಲವರು ಹೊಟ್ಟೆ ಹಿಡಿದುಕೊಂಡರು. ಸಿದ್ದಲಿಂಗೇಶ ಇಂಗ್ಲಿಷಿನಲ್ಲಿ ವಿವರಿಸಿದಾಗ ಕೌಂಟರಿನ ಹೆಂಗಸೂ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ಮುಚ್ಚಳ ತೆಗೆದ ಬಾಟಲಿಗೆ ದುಡ್ಡು ಬಿಡಲಾಗದು, ಬೇಕಾದರೆ ಟಿಪ್ಸು ತೆಗೆಯುತ್ತೇನೆ ಎಂದಳು. ಇವರು ಬೇಡವೆಂದು ಕೈ ಅಲ್ಲಾಡಿಸಿದರು. ಆ ಮನುಷ್ಯ ತನ್ನ ಕೆಲಸ ಸರಿಯಾಗಿ ಮಾಡ್ಯಾನೆ ಎಂದಷ್ಟೇ ಹೇಳಿ, ಪೂರ್ತಿ ಬಿಲ್ಲು ಕಟ್ಟಿದರು. ಅಲ್ಲಿ ನಗದೆ ಇದ್ದವರು ಅವರೊಬ್ಬರೇ.

ಹಡಗು ಇಳಿದ ಮೇಲೆ ಬಂದರಿನ ಹಾಲಿನಲ್ಲಿ ಬ್ಯಾಗು ಬರುವುದನ್ನು ಕಾಯುತ್ತ ಕುರ್ಚಿಗಳ ಮೇಲೆ ಕೂತೆವು. ನನ್ನ ಮೇಲೆ ಕೂಗಾಡಲಿ ಎಂದು ಕಾದೆ. ದುಡ್ಡು ದಂಡವಾಯಿತು ಎಂದು ಬೈಯಲಿ, ನಾಲ್ಕು ಮಾತು ಆಡಲಿ. ಅವರು ಚೀಟಿಯನ್ನು ತೊಡೆಯ ಮೇಲಿಟ್ಟು ಮಡಿಕೆ ನೀವುತ್ತಿದ್ದರು. ನಾನೇ, ತಪ್ಪಾಯ್ತು ಕಣ್ರೀ, ನಿಮಗೆ ಗೊತ್ತಾಗಬಾರದು ಅಂತ ಮಾಡಿದೆ ಎಂದೆ.

“ಬಾಟ್ಲಿ ಇರೋದು ನನಗೆ ಗೊತ್ತಿತ್ತು” ಎಂದರು. “ಹತ್ತಿದ ದಿನ ರಾತ್ರೀನೇ, ನಿನಗೆ ನಿದ್ದೆ ಹತ್ತಿದ ಮೇಲೆ ನೋಡಿದ್ದೆ. ದಿನಾ ವಾಕಿಂಗ್ ಹೋಗಾಕೆ ಮುಂಚೆ ಫ್ರಿಜ್ಜಿನ ಬಾಗಿಲು ತೆಗೆದು ನೋಡ್ತಿದ್ದೆ. ಎರಡನೇ ದಿನ ಆರೂ ಹಂಗೇ ಇದ್ವು. ಮೂರನೇ ದಿನ ಹನ್ನೆರಡಾದ್ವು. ದೇವರು ಇನ್ನೊಂದು ಸಾಲು ಇಟ್ಟು ಪರೀಕ್ಷೆ ಮಾಡ್ತಾನೆ ಅನ್ಕೊಂಡೆ. ಮುಟ್ಟಲಿಲ್ಲ.”

ಆ ಮೂರು ದಿನದ ಹುರುಪು, ನನ್ನ ಕೈ ಹಿಡಿದು ಎಳೆದದ್ದು, ಎಲ್ಲ ಅದೇ ಆಗಿತ್ತು. ಅದನ್ನು ನಾನು ಮೂಸಿ ನೋಡಿದ್ದೆ. ಗೊತ್ತಿದ್ದರೆ ನನಗೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

ಅವರು ನನ್ನ ಕಡೆ ತಿರುಗಲಿಲ್ಲ. “ಕುಡಿದಿದ್ದಕ್ಕೆ ಕೊನೇ ದಿನ ಬಿಲ್ ಬರ್ತೈತೆ ಅಂತ ಕೋಣೆ ಬಾಗಿಲ ಹಿಂದೆ ಅಂಟಿಸಿದ್ರು, ಓದಿದ್ದೆ. ಕುಡಿಯದೇ ಇದ್ರೆ ಅಲ್ಲಿ ಸೊನ್ನೆ ಬರ್ತಿತ್ತು. ನಾನು ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ. ಆ ಸೊನ್ನೇನ ನಿನ್ನ ಕೈಗೆ ಕೊಡಬೇಕು ಅಂತಿದ್ದೆ.”

ಬ್ಯಾಗುಗಳು ಬಂದವು. ಅವರೇ ಎದ್ದು ಹೋಗಿ ನನ್ನದನ್ನೂ ಎತ್ತಿಕೊಂಡರು.