ಕೂಡಿದರೆ ಸೊನ್ನೆಯಲ್ಲ

ಬಸ್ಸಿನ ಕಂಬಿ ಬಿಸಿ, ಅಂಗೈ ಬದಲಿಸಿದರೂ ಬಿಸಿ, ಪುತ್ತೂರು ಬಿಟ್ಟಾಗಿನಿಂದ ನಿಂತೇ ಇದ್ದೇನೆ, ಚೀಲದಲ್ಲಿ ಗೆಳೆಯನಿಂದ ತಂದ ಪುಸ್ತಕ, ಆ ಪುಟಕ್ಕೆ ಟಿಕೇಟು ಇಟ್ಟಿದ್ದೇನೆ — ಎಲೆಕ್ಟ್ರಾನೂ ಅದರ ಎದುರಾಳಿ ಪಾಸಿಟ್ರಾನೂ ಕೂಡಿದರೆ ಎರಡೂ ಇಲ್ಲವಾಗುತ್ತವೆ, ಆದರೆ ಎರಡು ಫೋಟಾನುಗಳು, ಕಣ್ಣಿಗೆ ಕಾಣದ ಬೆಳಕಿನ ಕಣಗಳು, ಒಂದಕ್ಕೊಂದು ಬೆನ್ನು ಹಾಕಿ ಹೊರಡುತ್ತವೆ — ಸೊನ್ನೆಯಲ್ಲ ಯಜ್ಞೇಶ್ವರ ಮಾಸ್ಟ್ರೇ, ಸೊನ್ನೆಯಲ್ಲ, ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅರುವತ್ತೊಂದನೇ ಇಸವಿಯಲ್ಲಿ, ಸುಳ್ಯದ ಹತ್ತನೇ ಕ್ಲಾಸಿನಲ್ಲಿ, ಪಾಠದಲ್ಲಿಲ್ಲದ್ದನ್ನು ಜಂಬಕ್ಕೆ ಹೇಳಲು ಹೋಗಿ ಬೋರ್ಡಿನಲ್ಲಿ ದೊಡ್ಡ ಸೊನ್ನೆ ಬರೆದೆ, ಅಜ್ಜಾವರದ ಬೋಜಪ್ಪನವರ ಮಗಳು ಶೀಲಾವತಿ ಎದ್ದು ನಿಂತಳು, ಅಡಿಕೆಗೆ ಬಿಡುವ ಮದ್ದಿಗೆ ಅಪ್ಪ ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಕೂಡಿಸುದು ಸಾರ್, ಎರಡೂ ಮೊದಲಿನ ಹಾಗೆ ಇರುದಿಲ್ಲ, ಆದ್ರೆ ಮದ್ದು ಉಳೀತದಲ್ಲ, ಹಾಗಾದ್ರೆ ಇಲ್ಲಿ ಎಂತ ಉಳಿಯುದು? ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು, ಅದರ ಬದಲು, ಇದು ವಿಜ್ಞಾನ, ನಿನ್ನ ಅಪ್ಪನ ಮದ್ದಿನ ಹಂಡೆಯಲ್ಲ, ಬೆಂಚು ಹತ್ತಿ ನಿಲ್ಲು ಎಂದೆ, ಕ್ಲಾಸಿಡೀ ನಕ್ಕಿತು, ನಾನೂ ನಕ್ಕೆ, ಗಂಟೆ ಹೊಡೆಯುವವರೆಗೆ ಅವಳು ನಿಂತಳು, ಬರಿಗಾಲು, ಬೆರಳುಗಳು ಬೆಂಚಿನ ಅಂಚನ್ನು ಬಿಗಿಹಿಡಿದಿದ್ದವು, ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ.

ಹೊರಟ ಫೋಟಾನು ಏನಾಗುತ್ತದೆ ಎಂದೂ ಆ ಪುಟದಲ್ಲಿದೆ, ಬರಿದಾದ ಜಾಗದಲ್ಲಿ ಹೋಗುತ್ತಲೇ ಇರುತ್ತದೆ, ಎದುರಿಗೆ ವಸ್ತು ಸಿಕ್ಕರೆ ಅದರ ಎಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆದು, ಸೊರಗಿ, ತಿರುಗಿ, ಮತ್ತೆ ಡಿಕ್ಕಿ ಹೊಡೆದು, ಕೊನೆಗೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ — ನನ್ನ ಕಿವಿ ಸುಡುತ್ತಿದೆ, ಮೂರು ವರ್ಷದ ನಾಚಿಕೆ — ಸಾರ್, ಕೂತ್ಕೊಳ್ಳಿ, ಯಾರೋ ಒಬ್ಬಳು ಎದ್ದಳು, ಸೊಂಟದಲ್ಲಿ ಮಗು, ಗುರ್ತ ಸಿಕ್ಲಿಲ್ವಾ ಸಾರ್, ಶೀಲಾವತಿ. ಬೇಡಮ್ಮ ಎಂದೆ, ಮಾಸ್ಟ್ರು ನಿಂತು ನಾನು ಕೂತ್ಕೊಳ್ಳುದಾ ಎಂದಳು, ನಾನು ಕೂತೆ, ನಾಚಿಕೆಗೆಟ್ಟವನು, ಕೂತೇಬಿಟ್ಟೆ, ಈಗ ಹೇಳಬೇಕು, ನಿನ್ನದೇ ಸರಿ ಇತ್ತು ಅಂತ ಹೇಳಬೇಕು, ಚೀಲದ ಬಾಯಿ ಬಿಚ್ಚಿದೆ, ಆವತ್ತು ನೀನು ಕೇಳಿದೆಯಲ್ಲ ಎಂದದ್ದೇ ಅವಳು ನಕ್ಕಳು, ಅದೆಲ್ಲ ನೆನಪುಂಟಾ ಸಾರ್, ನಂಗೆ ಬುದ್ಧಿ ಇರ್ಲಿಲ್ಲ, ತಂಗಿ ಪ್ರೇಮಾವತಿ ಈಗ ನಿಮ್ಮ ಕ್ಲಾಸಲ್ಲೇ ಉಂಟಲ್ಲ, ಅವ್ಳಿಗೆ ಹೇಳಿದ್ದೇನೆ, ಮಾಸ್ಟ್ರ ಹತ್ರ ಎಂತದೂ ಕೇಳ್ಬೇಡ ಅಂತ.

ಪ್ರೇಮಾವತಿ, ಮೂರನೇ ಬೆಂಚು, ಬಾಯಿ ಬಿಡದ ಹುಡುಗಿ, ಎಷ್ಟು ಒಳ್ಳೆಯವಳು ಎಂದು ಮೊನ್ನೆ ಎಲ್ಲರೆದುರು ಹೊಗಳಿದೆ — ಜಾಲ್ಸೂರಿನ ತಿರುವು, ಬಸ್ಸು ವಾಲುತ್ತದೆ, ಪುಸ್ತಕ ಇನ್ನೂ ಚೀಲದಲ್ಲೇ, ಹೇಳು, ಈಗ ಹೇಳು, ನಾನು ತಲೆ ಎತ್ತಲಾರದೆ ಕೆಳಗೆ ನೋಡುತ್ತೇನೆ, ಅಲ್ಲಿ ಅವಳ ಬರಿಗಾಲು, ಬೀಳದ ಹಾಗೆ ಬಸ್ಸಿನ ನೆಲದ ಹಲಗೆಯನ್ನು ಬಿಗಿಹಿಡಿದ ಬೆರಳುಗಳು, ಆ ಬೆರಳುಗಳು